ಬೀಸುಕಲ್ಲು, ಫಜ್ ಪೆಡಲ್ಲು ಮತ್ತು ಹೆಣ್ಣಿನ ದನಿ

‘ಹೆವಿ ಹಾಡಿಗೆ ಹೆಣ್ಣಿನ ದನಿ ಸಾಲೂದಿಲ್ಲ. ಗಿಟಾರಿನ ಅಡಿಯಾಗ ಮುಳುಗಿ ಹೋಗತದ.’

ಗ್ಯಾದರಿಂಗ್ ಹತ್ತಿರ ಬಂದಾಗ ಯಾವ ಕಾಲೇಜಿನಲ್ಲಾದರೂ ಈ ಮಾತು ಕೇಳಿಸುತ್ತದೆ. ಹುಡುಗ್ಯಾರಿಗೆ ಪ್ರಾರ್ಥನಾ ಗೀತೆ, ಭಾವಗೀತೆ, ಒಂದೆರಡು ಸಿನಿಮಾ ಮೆಲೋಡಿ. ಡಿಸ್ಟಾರ್ಷನ್ ಗಿಟಾರು ಶುರುವಾಯಿತು ಅಂದ್ರ ಮೈಕು ಹುಡುಗರ ಕೈಗೆ. ಇದು ಅಭಿರುಚಿಯ ಮಾತಾಗಿದ್ದರೆ ನಾವು ಸುಮ್ಮನಿರುತ್ತಿದ್ದೆವು. ಆದರೆ ‘ಸಾಲೂದಿಲ್ಲ’, ‘ಮುಳುಗತದ’ ಅನ್ನೋದು ಟೆಕ್ನಿಕಲ್ ಹೇಳಿಕೆ. ಟೆಕ್ನಿಕಲ್ ಹೇಳಿಕೆಯನ್ನು ಪರೀಕ್ಷೆ ಮಾಡಬಹುದು. ಹಾಗಾಗಿ ಈ ಸಂಚಿಕೆಗೆ ನಾವು ಹೆವಿ ಸಂಗೀತದ ಅತಿ ಭಾರದ ಕವಲೊಂದನ್ನು ಆರಿಸಿಕೊಂಡೆವು. ಅದರ ಹೆಸರು ಸ್ಟೋನರ್ ಮೆಟಲ್. ಇಷ್ಟು ಕೆಳಗಿನ, ಇಷ್ಟು ನಿಧಾನದ, ಇಷ್ಟು ದಪ್ಪನೆಯ ಸದ್ದಿನ ಮೇಲೆ ಹೆಣ್ಣಿನ ದನಿ ನಿಲ್ಲುತ್ತದೆ ಅಂತಾದರೆ, ಉಳಿದ ಕಡೆ ಪ್ರಶ್ನೆನೇ ಏಳೂದಿಲ್ಲ.

ತಗಡಿನ ಕಾರ್ಖಾನೆಯಿಂದ ಶುರುವಾದ ಕತೆ

ಸ್ಟೋನರ್ ಮೆಟಲ್‌ನ ಬೇರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಊರಿನಲ್ಲಿದೆ. ಅಲ್ಲಿನ ತಗಡಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ 17 ವರ್ಷದ ಟೋನಿ ಅಯೋಮಿ ಎಂಬ ಹುಡುಗ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳಿನ ತುದಿ ಕಳೆದುಕೊಂಡ. ಅವನು ಎಡಗೈಯವನು. ಅಂದರೆ ಗಿಟಾರಿನ ತಂತಿ ಒತ್ತುವ ಕೈಗೇ ಪೆಟ್ಟಾಯಿತು. ವರ್ಕ್‌ಶಾಪಿನಲ್ಲಿ ಲೇಥ್ ಮುಂದೆ ನಿಂತವರಿಗೆ ಈ ಕತೆ ಓದಿದಾಗ ಕೈ ಜುಮ್ಮೆನ್ನದೆ ಇರದು. ಅವನು ಗಿಟಾರು ಬಿಡಲಿಲ್ಲ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ತೆಳ್ಳನೆಯ ತಂತಿ ಹಾಕಿಕೊಂಡ, ಮುಂದೆ ತಂತಿಗಳನ್ನು ಸಡಿಲ ಮಾಡಿ ಶ್ರುತಿ ಇಳಿಸಿದ. ಅವನ ತಂಡವೇ ಬ್ಲ್ಯಾಕ್ ಸಬ್ಬತ್. ಮೊದಲ ಆಲ್ಬಮ್ ಬಂದದ್ದು 1970ರ ಫೆಬ್ರುವರಿಯಲ್ಲಿ. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಮ್ಮಿನ ಹಲವು ಹಾಡುಗಳಲ್ಲಿ ಗಿಟಾರು ಮೂರು ಅರ್ಧಸ್ವರದಷ್ಟು ಕೆಳಗಿದೆ.

ಇದರ ಲೆಕ್ಕ ಪಿಯುಸಿಯಲ್ಲೇ ಓದಿದ್ದೇವೆ. ತಂತಿಯ ಉದ್ದ, ದಪ್ಪ ಬದಲಾಗದಿದ್ದರೆ ಅದರ ಕಂಪನಾಂಕವು ಬಿಗಿತದ ವರ್ಗಮೂಲವನ್ನು ಅವಲಂಬಿಸಿರುತ್ತದೆ. ಗಿಟಾರಿನ ಅತಿ ದಪ್ಪ ತಂತಿ ಸಾಮಾನ್ಯವಾಗಿ ಸೆಕೆಂಡಿಗೆ 82.4 ಸಲ ಕಂಪಿಸುತ್ತದೆ. ಮೂರು ಅರ್ಧಸ್ವರ ಇಳಿಸಿದರೆ ಅದು 69.3ಕ್ಕೆ ಬರುತ್ತದೆ. 69.3ನ್ನು 82.4ರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು 0.71. ಅಂದರೆ ಬಿಗಿತ 29 ಪ್ರತಿಶತ ಕಡಿಮೆ. ನೊಂದ ಬೆರಳಿಗೆ ಅಷ್ಟು ಹಗುರ, ಕೇಳುವವನ ಎದೆಗೆ ಅಷ್ಟು ಭಾರ. ನೋವಿಗೆ ಕಂಡುಕೊಂಡ ಉಪಾಯ ಒಂದು ಸಂಗೀತ ಪ್ರಕಾರದ ಗುರುತಾಗಿ ಉಳಿಯಿತು.

ಮುಂದೆ 1990ರ ಆಸುಪಾಸಿನಲ್ಲಿ ಕ್ಯಾಲಿಫೋರ್ನಿಯಾದ ಮರುಭೂಮಿಯ ಹುಡುಗರು ಈ ಸದ್ದನ್ನು ಕೈಗೆತ್ತಿಕೊಂಡರು. ಊರಿನಲ್ಲಿ ನುಡಿಸಲು ಜಾಗ ಇಲ್ಲ. ಜನರೇಟರ್ ಹೊತ್ತುಕೊಂಡು ಬಯಲಿಗೆ ಹೋಗಿ, ಅಲ್ಲೇ ಆಂಪ್ಲಿಫೈಯರ್ ಹಚ್ಚಿ ನುಡಿಸಿದರು. ಕಯಸ್ ಎಂಬ ತಂಡ ಹೀಗೆ ಬೆಳೆಯಿತು. ಅವರ ‘ಬ್ಲೂಸ್ ಫಾರ್ ದ ರೆಡ್ ಸನ್’ 1992ರದು. ಸ್ಲೀಪ್ ಎಂಬ ಇನ್ನೊಂದು ತಂಡದ ‘ಡೋಪ್‌ಸ್ಮೋಕರ್’ ಒಂದೇ ಹಾಡು, ಒಂದು ತಾಸಿಗಿಂತ ಉದ್ದ! ಜನರೇಟರ್ ಹಚ್ಚಿ ಬಯಲಿನಲ್ಲಿ ರಾತ್ರಿಯಿಡೀ ಕಾರ್ಯಕ್ರಮ ಅಂದರೆ ಜಾತ್ರಿ ನಾಟಕ ನೋಡಿದ ನಮಗೆ ಹೊಸದೇನೂ ಅಲ್ಲ.

‘ಸ್ಟೋನರ್’ ಎಂಬ ಹೆಸರು ಬಂದದ್ದು ಗಾಂಜಾ ನಶೆಯಿಂದ. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಈ ಸಂಗೀತ ಕೇಳೋದಕ್ಕ ಅದು ಬೇಕಿಲ್ಲ. ಒಂದೇ ಸ್ವರಗುಚ್ಛವನ್ನು ಹತ್ತು ನಿಮಿಷ ಬಿಡದೆ ಸುತ್ತಿಸಿದಾಗ ಆಗುವ ಮಂಪರನ್ನು ಏಕತಾರಿ ಹಿಡಿದು ತತ್ವಪದ ಹಾಡುವವರು ಏನೂ ಸೇದದೆಯೇ ನಮಗೆ ಕೊಟ್ಟಿದ್ದಾರೆ.

ಕರ್ನಾಟಕದಲ್ಲಿ ಈ ಸಂಗೀತದ ದೊಡ್ಡ ಹೆಸರು ಬೆಂಗಳೂರಿನ ‘ಬೇವರ್ ಸೀ’. ತಂಡದ ಹೆಸರನ್ನು ಬೇಗ ಬೇಗ ಹೇಳಿ ನೋಡ್ರಿ, ನಮ್ಮ ಬೈಗುಳವೇ ಬರುತ್ತದೆ. ಅದು ಬೇಕಂತಲೇ ಮಾಡಿದ ಚೇಷ್ಟೆ. 2012ರಲ್ಲಿ ಅವರ ಮೊದಲ ಆಲ್ಬಮ್ ಬಂತು, 2015ರಲ್ಲಿ ಎರಡನೆಯದು. ಬ್ಲ್ಯಾಕ್ ಸಬ್ಬತ್ ಮನೆತನದ ದಪ್ಪ ಗಿಟಾರು, ನಿಧಾನದ ಡ್ರಮ್ಮು ಎಲ್ಲ ಅಲ್ಲಿದೆ. ಹಾಡುವ ದನಿ ಮಾತ್ರ ಗಂಡಸಿನದು.

ಫಜ್ ಅಂದ್ರ ಏನು, ಜವಾರಿ ಅಂದ್ರ ಏನು

ಸ್ಟೋನರ್ ಮೆಟಲ್‌ನ ಸದ್ದು ಕೆಳಗೆ ಇರುವುದು ಮಾತ್ರವಲ್ಲ, ಅದು ಒರಟಾಗಿ, ಉಣ್ಣೆಯ ಕಂಬಳಿ ಹೊದ್ದಂತೆ ಇರುತ್ತದೆ. ಆ ಒರಟುತನ ತರುವುದು ಫಜ್ ಪೆಡಲ್. ಒಳಗಿರುವುದು ಎರಡನೇ ಸೆಮಿಸ್ಟರಿನ ಸರ್ಕೀಟೇ: ಟ್ರಾನ್ಸಿಸ್ಟರು ಅಥವಾ ಡಯೋಡು ತನ್ನ ಮಿತಿ ದಾಟಿದ ಅಲೆಯ ತಲೆ ಮತ್ತು ಬುಡವನ್ನು ಕತ್ತರಿಸಿ ಬಿಡುತ್ತದೆ. ದುಂಡಗಿನ ಸೈನ್ ಅಲೆ ಚೌಕದ ಹತ್ತಿರಕ್ಕೆ ಬರುತ್ತದೆ. ಚೌಕ ಅಲೆಯಲ್ಲಿ ಮೂಲ ಕಂಪನಾಂಕದ ಜೊತೆ ಅದರ 3, 5, 7 ಪಟ್ಟುಗಳೂ ಇರುತ್ತವೆ. ಒಂದು ಸ್ವರ ನುಡಿಸಿದರೆ ಒಂದು ಸ್ವರದ ಸಂಸಾರವೇ ಹೊರಗೆ ಬರುತ್ತದೆ.

ಇದೇ ಕೆಲಸವನ್ನು ತಂಬೂರಿ ಕರೆಂಟಿಲ್ಲದೆ ಮಾಡುತ್ತದೆ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ನೂಲಿನ ಎಳೆ ಇಟ್ಟು ಹಿಂದೆ ಮುಂದೆ ಸರಿಸುತ್ತಾರಲ್ಲ, ಒಂದು ಜಾಗದಲ್ಲಿ ತಂತಿ ಝೇಂಕರಿಸತೊಡಗುತ್ತದೆ. ಅದಕ್ಕೆ ಜವಾರಿ ಅನ್ನುತ್ತಾರೆ. (ನಮ್ಮ ಕಡೆ ಜವಾರಿ ಜೋಳ, ಜವಾರಿ ಕೋಳಿ ಅಂತೀವಲ್ಲ, ಆ ಜವಾರಿ ಬ್ಯಾರೆ.) ತಂತಿ ಕುದುರೆಯ ಬಾಗಿದ ಮೈಗೆ ಸವರಿಕೊಂಡು ಕಂಪಿಸುವುದರಿಂದ ಮೇಲಿನ ಪಟ್ಟುಗಳೆಲ್ಲ ಮಿನುಗುತ್ತವೆ. ದಾರಿ ಬೇರೆ, ಪರಿಣಾಮ ಒಂದೇ ಜಾತಿಯದು.

ಹೋಲಿಕೆ ಇಲ್ಲಿಗೇ ನಿಲ್ಲುವುದಿಲ್ಲ. ಹೆವಿ ಗಿಟಾರಿನಲ್ಲಿ ಹೆಚ್ಚಾಗಿ ನುಡಿಸುವುದು ‘ಪವರ್ ಕಾರ್ಡ್’. ಅದರಲ್ಲಿ ಇರುವುದು ಎರಡೇ ಸ್ವರ, ಷಡ್ಜ ಮತ್ತು ಪಂಚಮ. ತಂಬೂರಿಯಲ್ಲಿ ಸಾಮಾನ್ಯವಾಗಿ ಮಿಡಿಯುವ ಸ್ವರಗಳೂ ಅವೇ. ಯಾಕೆ ಈ ಎರಡೇ? ಷಡ್ಜ ಮತ್ತು ಪಂಚಮದ ಕಂಪನಾಂಕಗಳ ಅನುಪಾತ 2:3. ಫಜ್‌ನಂಥ ನಾನ್-ಲೀನಿಯರ್ ಸರ್ಕೀಟಿಗೆ ಎರಡು ಸ್ವರ ಒಟ್ಟಿಗೆ ಕೊಟ್ಟರೆ ಅವುಗಳ ವ್ಯತ್ಯಾಸದ ಸ್ವರವೂ ಹುಟ್ಟುತ್ತದೆ. 3ರಲ್ಲಿ 2 ಕಳೆದರೆ 1. ಅಂದರೆ ನುಡಿಸಿದ ಷಡ್ಜಕ್ಕಿಂತ ಒಂದು ಸಪ್ತಕ ಕೆಳಗಿನ ಷಡ್ಜ! ಗಿಟಾರಿನಲ್ಲಿ 65.4 ಮತ್ತು 98.1 ನುಡಿಸಿದರೆ 32.7 ತಾನಾಗಿ ಸೇರಿಕೊಳ್ಳುತ್ತದೆ. ಯಾರ ಬೆರಳೂ ಮುಟ್ಟದ ಸ್ವರ ಅದು. ನಾಲ್ಕಾರು ಸ್ವರದ ಕಾರ್ಡನ್ನು ಫಜ್‌ಗೆ ಕೊಟ್ಟರೆ ಇಂಥ ವ್ಯತ್ಯಾಸಗಳು ಒಂದಕ್ಕೊಂದು ಹೊಂದದೆ ರಾಡಿಯಾಗುತ್ತದೆ. ಆದ್ದರಿಂದಲೇ ಸ್ವರ ಕಡಿಮೆ, ಭಾರ ಹೆಚ್ಚು.

ಈ ಶ್ರುತಿಯ ಅಂದಾಜು ಬೇಕಾದರೆ ಸಂಗೀತ ಶಾಲೆಗೆ ಹೋಗಬೇಕಿಲ್ಲ. ಯಳವತ್ತಿಯಲ್ಲಿ ಹೊಲದ ದಂಡಿಗೆ ಇರುವ ಟಿಸಿ ಹತ್ತಿರ ಸಂಜೆ ಹೊತ್ತು, ಗಾಳಿ ನಿಂತಾಗ ಕಿವಿಗೊಟ್ಟರೆ ಸಾಕು. ನಮ್ಮ ಕರೆಂಟು 50 ಹರ್ಟ್ಸ್. ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಪಟ್ಟಿಗಳು ಒಂದು ಆವರ್ತದಲ್ಲಿ ಎರಡು ಸಲ ಹಿಗ್ಗಿ ಕುಗ್ಗುವುದರಿಂದ ಗುಂಯ್ ಎನ್ನುವ ಸದ್ದಿನ ಮೂಲ 100 ಹರ್ಟ್ಸ್. ಮೇಲೆ ಹೇಳಿದ ಗಿಟಾರಿನ ಪಂಚಮ 98. ಹೆಚ್ಚು ಕಡಿಮೆ ಅದೇ. ಸ್ಟೋನರ್ ಮೆಟಲ್ ಅಂದ್ರ ಈ ಗುಂಯ್‌ಗುಡುವಿಕೆಯನ್ನ ತಾಳಕ್ಕ ಕಟ್ಟಿದಂಗ.

ಮುಳುಗುವುದು ಯಾರು?

ಈಗ ಮೂಲ ಪ್ರಶ್ನೆ. ಈ ಸದ್ದಿನ ಕೆಳಗೆ ದನಿ ಮುಳುಗುತ್ತದೆಯೆ?

ಮುಳುಗುತ್ತದೆ. ಆದರೆ ಹೆಣ್ಣಿನದು ಮಾತ್ರವಲ್ಲ, ಎಲ್ಲರದೂ. ಕಿವಿಯ ಸ್ವಭಾವವೇ ಹಾಗೆ. ದೊಡ್ಡದಾದ ಕೆಳಗಿನ ಸದ್ದು ಮೇಲಿನ ಸದ್ದನ್ನು ಮರೆಮಾಡುವಷ್ಟು, ಮೇಲಿನ ಸದ್ದು ಕೆಳಗಿನದನ್ನು ಮರೆಮಾಡುವುದಿಲ್ಲ. ಅದರ ಮೇಲೆ ಫಜ್‌ನಿಂದ ಹುಟ್ಟಿದ ಪಟ್ಟುಗಳು ಸಾವಿರಾರು ಹರ್ಟ್ಸ್ ತನಕ ಹಬ್ಬಿರುತ್ತವೆ. ಮಾತು ತಿಳಿಯಬೇಕಾದರೆ ಸುಮಾರು 1000ದಿಂದ 4000 ಹರ್ಟ್ಸ್ ನಡುವಿನ ಭಾಗ ಕಿವಿಗೆ ಸಿಗಬೇಕು. ಹಾಡುವವರು ಗಂಡಾಗಲಿ ಹೆಣ್ಣಾಗಲಿ ಅಕ್ಷರದ ಅಂಚು ಇರುವುದು ಅಲ್ಲೇ. ಗಿಟಾರು ಆ ಜಾಗ ತುಂಬಿಕೊಂಡರೆ ಗಂಡಸಿನ ಮಾತೂ ತಿಳಿಯುವುದಿಲ್ಲ. ವ್ಯತ್ಯಾಸ ಇಷ್ಟೆ: ಗಂಡಸಿನ ಮಾತು ತಿಳಿಯದಿದ್ದರೆ ‘ಮಿಕ್ಸಿಂಗ್ ಸರಿ ಇಲ್ಲ’ ಅಂತೀವಿ. ಹೆಂಗಸಿನದು ತಿಳಿಯದಿದ್ದರೆ ‘ದನಿ ಸಾಲೂದಿಲ್ಲ’ ಅಂತೀವಿ.

ಮೂಲಸ್ವರದ ಲೆಕ್ಕ ನೋಡಿದರೆ ಪರಿಸ್ಥಿತಿ ಇನ್ನೂ ಕುತೂಹಲದ್ದು. 65 ಹರ್ಟ್ಸಿನ ಗಿಟಾರಿನ ಮೊದಲ ಪಟ್ಟುಗಳು 131, 196, 262. ಗಂಡಸಿನ ಎದೆದನಿ ಹೆಚ್ಚಾಗಿ ಓಡಾಡುವುದು ಇದೇ ಓಣಿಯಲ್ಲಿ. ಹೆಣ್ಣಿನ ದನಿ ಅದರ ಮೇಲಿನ ಅಟ್ಟದಲ್ಲಿ, ಸುಮಾರು 200ರಿಂದ 500ರ ನಡುವೆ ಓಡಾಡುತ್ತದೆ. ಗಿಟಾರು ಕೆಳಗೆ ಇಳಿದಷ್ಟೂ ನಡುವಿನ ಅಂತರ ಹೆಚ್ಚುತ್ತದೆ. ಇದರಿಂದ ಹೆಣ್ಣಿನ ದನಿಗೆ ಪುಕ್ಕಟೆ ಗೆಲುವು ಸಿಗುತ್ತದೆ ಅಂತಲ್ಲ. ಬಹಳ ಮೇಲೆ ಹಾಡಿದರೆ ದನಿಯ ಪಟ್ಟುಗಳು ದೂರ ದೂರವಾಗಿ ಸ್ವರಾಕ್ಷರಗಳ ಗುರುತು ಮಸುಕಾಗುತ್ತದೆ. ಆದರೆ ‘ಸಾಲೂದಿಲ್ಲ’ ಅನ್ನೋ ಮಾತಿಗೆ ಇಲ್ಲಿ ಆಧಾರ ಸಿಗುವುದಿಲ್ಲ.

ಲೆಕ್ಕಕ್ಕಿಂತ ದೊಡ್ಡ ಸಾಕ್ಷಿ ಹಾಡಿದವರದು. ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಮ್ ಬರುವ ಮುಂಚೆ, 1969ರಲ್ಲಿ, ಅಮೆರಿಕದ ಕೋವೆನ್ ಎಂಬ ತಂಡ ಆಲ್ಬಮ್ ತಂದಿತ್ತು. ಹಾಡುತ್ತಿದ್ದವಳು ಜಿಂಕ್ಸ್ ಡಾಸನ್, ಆಪೆರಾ ಕಲಿತವಳು. ಆ ಆಲ್ಬಮ್ಮಿನ ಮೊದಲ ಹಾಡಿನ ಹೆಸರು ‘ಬ್ಲ್ಯಾಕ್ ಸಬ್ಬತ್’! ಇಂಗ್ಲೆಂಡಿನ ತಂಡಕ್ಕೂ ಇದಕ್ಕೂ ಸಂಬಂಧವಿಲ್ಲ, ಹೆಸರಿನ ಕಾಕತಾಳೀಯ ಅಷ್ಟೆ. ಕತ್ತಲೆ, ಮಾಟ, ಭಾರ ಇವೆಲ್ಲ ಗಂಡುದನಿಯ ಸೊತ್ತು ಅನ್ನುವವರಿಗೆ ಈ ಇಸವಿ ನೆನಪಿರಲಿ.

ಶುದ್ಧ ಸ್ಟೋನರ್ ಮೆಟಲ್ ಬೇಕೆಂದರೆ ಆಸಿಡ್ ಕಿಂಗ್ ಕೇಳಬೇಕು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1993ರಲ್ಲಿ ಶುರುವಾದ ತಂಡ. ಗಿಟಾರು ನುಡಿಸುವವಳೂ ಹಾಡುವವಳೂ ಒಬ್ಬಳೇ, ಲೋರಿ ಎಸ್. 1999ರ ‘ಬುಸ್ಸೆ ವುಡ್ಸ್’ ಈ ಪ್ರಕಾರದ ಮುಖ್ಯ ಆಲ್ಬಮ್ಮುಗಳಲ್ಲಿ ಒಂದು. ಅವಳು ಚೀರುವುದಿಲ್ಲ. ದೂರದ ಹೊಲದಿಂದ ಯಾರನ್ನೋ ಕರೆದ ಹಾಗೆ, ಅವಸರವಿಲ್ಲದೆ, ಸ್ವರ ಎಳೆದು ನಿಲ್ಲಿಸುತ್ತಾಳೆ. ಕೆಳಗೆ ಅವಳದೇ ಗಿಟಾರು ಗುಡುಗುತ್ತಿರುತ್ತದೆ.

ವರ್ಜೀನಿಯಾದ ರಿಚ್‌ಮಂಡ್ ಊರಿನ ವಿಂಡ್‌ಹ್ಯಾಂಡ್ ತಂಡದ ಡಾರ್ಥಿಯಾ ಕಾಟ್ರೆಲ್ ಇನ್ನೊಂದು ಉದಾಹರಣೆ. 2013ರ ‘ಸೋಮ’ ಆಲ್ಬಮ್ಮಿನ ಕೊನೆಯ ಹಾಡು ಅರ್ಧ ತಾಸಿನದು. ಗಿಟಾರು ಗೋಡೆಯಂತೆ ನಿಂತಿರುತ್ತದೆ, ಅವಳ ದನಿ ಆ ಗೋಡೆಯ ಮೇಲೆ ಹೊಗೆಯಂತೆ ಏಳುತ್ತದೆ. ಕೆನಡಾದ ಟೊರಾಂಟೊದ ಬ್ಲಡ್ ಸೆರೆಮನಿ ತಂಡದಲ್ಲಿ ಆಲಿಯಾ ಒಬ್ರಯನ್ ಹಾಡುತ್ತಾಳೆ, ಕೊಳಲೂ ನುಡಿಸುತ್ತಾಳೆ. ದಪ್ಪ ಗಿಟಾರಿನ ನಡುವೆ ಕೊಳಲು ಕೇಳಿಸುತ್ತದೆ ಅಂದ ಮೇಲೆ ದನಿ ಕೇಳಿಸದೆ ಇರಲು ಕಾರಣವೇನು?

ಈ ಹಾಡುಗಾರ್ತಿಯರನ್ನೆಲ್ಲ ಕೇಳಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ದನಿಯ ಶಕ್ತಿ ಅಂದರೆ ಗಟ್ಟಿಯಾಗಿ ಒದರುವುದಲ್ಲ. ನಿಧಾನದ ಹಾಡಿನಲ್ಲಿ ಒಂದು ಸ್ವರವನ್ನು ಅಲುಗದಂತೆ, ಒಡೆಯದಂತೆ, ಉಸಿರು ಇರುವ ತನಕ ಹಿಡಿಯುವುದೇ ಶಕ್ತಿ. ಗಿಟಾರಿಗೆ ಕರೆಂಟು ಇದೆ, ಆಂಪ್ಲಿಫೈಯರ್ ಇದೆ. ಹಾಡುವವಳಿಗೆ ಇರುವುದು ಹೊಟ್ಟೆಯಿಂದ ಬರುವ ಉಸಿರು.

ಕಲ್ಲಿನ ಮೇಲೆ ಹಾಡಿದವರು

ಇಲ್ಲಿಯ ತನಕ ದೂರದ ಊರುಗಳ ಮಾತಾಯಿತು. ಕೆಳಗೆ ಗುಡುಗುವ, ಒಂದೇ ಸಮನೆ ಸುತ್ತುವ ಸದ್ದು, ಮೇಲೆ ಎಳೆದು ಹಾಡುವ ಹೆಣ್ಣಿನ ದನಿ: ಈ ಜೋಡಣೆ ಲಕ್ಷ್ಮೇಶ್ವರ, ಶಿರಹಟ್ಟಿ ಸೀಮೆಯ ಯಾವ ಊರಿಗೂ ಹೊಸದಲ್ಲ. ಅದಕ್ಕೆ ನಾವು ಬೀಸುವ ಪದ ಅಂತೀವಿ.

ನಸುಕಿನಲ್ಲಿ ಎದ್ದು ಇಬ್ಬರು ಹೆಂಗಸರು ಎದುರು ಬದುರು ಕುಂತು, ಒಂದೇ ಗೂಟ ಹಿಡಿದು ಬೀಸುಕಲ್ಲು ತಿರುವುತ್ತಿದ್ದರು. ಒಬ್ಬಾಕಿ ಹಾಡಿದರೆ ಇನ್ನೊಬ್ಬಾಕಿ ದನಿಗೂಡಿಸುತ್ತಿದ್ದಳು. ಕಲ್ಲಿನ ಮೇಲೆ ಕಲ್ಲು ಉರುಳುವ ಗರಗರ ಸದ್ದು ನಿಲ್ಲುವಂತಿಲ್ಲ. ನಡುವೆ ಹಿಡಿಕಾಳು ಹಾಕಬೇಕು. ಸುತ್ತಿನ ಲಯಕ್ಕೆ ತಕ್ಕಂತೆ ತ್ರಿಪದಿಯ ಸಾಲು ಎಳೆಯಬೇಕು. ಸ್ಟೋನರ್ ಮೆಟಲ್‌ನವರು ‘ರಿಫ್’ ಅನ್ನುವುದು ಇದೇ ತಿರುಗಣಿಯನ್ನು. ಮತ್ತೆ ಮತ್ತೆ ಅದೇ ಸುತ್ತು, ಅದರ ಮೇಲೆ ಬದಲಾಗುವ ಮಾತು. ಈ ಹಾಡುಗಳನ್ನು ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದರು. ಅಚ್ಚಿನಲ್ಲಿ ಮಾತು ಉಳಿಯಿತು, ಕಲ್ಲಿನ ಸದ್ದು ಉಳಿಯಲಿಲ್ಲ. ಓದುವಾಗ ಆ ಹಾಡುಗಳು ಮೆತ್ತಗೆ ಕಾಣುತ್ತವೆ. ಕಲ್ಲಿನ ಗುಡುಗನ್ನು ಜೊತೆಗಿಟ್ಟುಕೊಂಡು ಓದಿದರೆ ಅವು ಎಷ್ಟು ಗಟ್ಟಿ ದನಿಯ ಹಾಡುಗಳು ಅನ್ನುವುದು ತಿಳಿಯುತ್ತದೆ.

ಯಳವತ್ತಿಯಲ್ಲಿ ನಮ್ಮ ಗೆಳತಿಯೊಬ್ಬಳ ಅಜ್ಜಿಗೆ ವಿಂಡ್‌ಹ್ಯಾಂಡ್ ಹಾಡು ಕೇಳಿಸಿದೆವು. ಮೊಬೈಲಿನ ಸ್ಪೀಕರಿನಲ್ಲಿ ಕೆಳಗಿನ ಸ್ವರ ಬರುವುದಿಲ್ಲ ಅಂತ ಭಜನಿ ಮಂಡಳಿಯ ದೊಡ್ಡ ಬಾಕ್ಸಿಗೆ ಹಚ್ಚಿದ್ದೆವು. ಐದು ನಿಮಿಷ ಕೇಳಿ ಅಜ್ಜಿ ಹೇಳಿದ್ದು ಇಷ್ಟು: ‘ಹಾಡಾಕಿ ಚಲೋ ಹಾಡ್ತಾಳವಾ. ಕಲ್ಲ ಭಾಳ ಬಿರಸ್ ಐತಿ. ಜ್ವಾಳ ಹಸೀ ಇದ್ದಂಗ ಕಾಣತೈತಿ.’ ನಾವು ನಕ್ಕೆವು. ಆಮೇಲೆ ಯೋಚಿಸಿದಾಗ ಅದಕ್ಕಿಂತ ಒಳ್ಳೆ ವಿಮರ್ಶೆ ಸಿಗಲಿಕ್ಕಿಲ್ಲ ಅನ್ನಿಸಿತು. ಡಿಸ್ಟಾರ್ಷನ್ ಅನ್ನೋದು ಅಜ್ಜಿಗೆ ಗದ್ದಲವಾಗಿ ಕೇಳಲಿಲ್ಲ, ತಿರುಗಲು ಒಲ್ಲದ ಕಲ್ಲಾಗಿ ಕೇಳಿತು. ‘ನಿಮ್ಮ ದನಿ ಕಲ್ಲಿನ ಸದ್ದಿನಾಗ ಮುಚ್ಚಿ ಹೋಗ್ತಿದ್ದಿಲ್ಲೇನಮ್ಮ?’ ಅಂತ ಕೇಳಿದ್ದಕ್ಕೆ, ‘ಮುಚ್ಚಿದ್ರ ಹಾಡೂದ್ಯಾಕ? ಕಲ್ಲ ಕೂಡ ಹಾಡಬೇಕ, ಕಲ್ಲಿಗೆ ಎದರ ಅಲ್ಲ’ ಅಂದರು.

ಆದರೆ ಈ ಹೋಲಿಕೆಯನ್ನು ಸಿಹಿ ಮಾಡಿ ತೋರಿಸುವುದು ನಮಗೆ ಬೇಡ. ಬೀಸುವುದು ಮನರಂಜನೆಯಾಗಿರಲಿಲ್ಲ, ರಟ್ಟೆ ಸೋಲುವ ದುಡಿಮೆಯಾಗಿತ್ತು. ಹಿಟ್ಟಿನ ಗಿರಣಿ ಬಂದಾಗ ಹೆಂಗಸರು ಅತ್ತಿಲ್ಲ, ಉಸಿರು ಬಿಟ್ಟರು. ಹಾಡು ಕಲ್ಲಿನ ಜೊತೆ ಹೋಯಿತು. ಇನ್ನೊಂದು ಮಾತು. ಆ ಗಟ್ಟಿ ದನಿಗೆ ಪರವಾನಗಿ ಇದ್ದದ್ದು ನಸುಕಿನ ಕತ್ತಲಲ್ಲಿ, ಅಡಿಗಿ ಮನಿಯ ಮೂಲೆಯಲ್ಲಿ. ಅದೇ ದನಿ ಊರ ನಡುವಿನ ಕಟ್ಟೆಯ ಮೇಲೆ ಎದ್ದಿದ್ದರೆ ಜನ ಏನನ್ನುತ್ತಿದ್ದರು ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ.

ವೇದಿಕೆಗೆ ಬಂದ ದನಿ

ಅದೇ ದನಿಯನ್ನು ವೇದಿಕೆಗೆ ತಂದವರು ನಮ್ಮ ಪಕ್ಕದ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಸ್ವಾಗತ ಗೀತೆ ಹಾಡಿದಾಗ ಇನ್ನೂ ಸಣ್ಣ ಹುಡುಗಿ. ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ ಕಲಿಯಲು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಮೊದಲಿನ ಗ್ರಾಮಫೋನ್ ತಟ್ಟೆಗಳಲ್ಲಿ ಅವರ ದನಿ ತೆಳ್ಳಗೆ, ಮೇಲೆ ಇದೆ. ಟಾನ್ಸಿಲ್ ಚಿಕಿತ್ಸೆಯ ನಂತರ ದನಿ ಗಡಸಾಯಿತು, ಕೆಳಗಿಳಿಯಿತು. ಗಂಡುದನಿ ಅಂತ ಜನ ಅಂದರು.

ಅವರು ಹಳೇ ದನಿಗಾಗಿ ಕಾಯುತ್ತ ಕೂಡಲಿಲ್ಲ. ಹೊಸ ದನಿಗೆ ತಕ್ಕ ಶ್ರುತಿ ಇಟ್ಟುಕೊಂಡು, ಅದರ ಭಾರವನ್ನೇ ತಮ್ಮ ಗಾಯನದ ಗುರುತು ಮಾಡಿಕೊಂಡರು. ನಿಧಾನದ ಖ್ಯಾಲಿನಲ್ಲಿ ಒಂದೊಂದೇ ಸ್ವರವನ್ನು ಕಂಬದಂತೆ ನಿಲ್ಲಿಸುವ ಅವರ ರೀತಿ ಕೇಳಿದವರಿಗೆ ‘ಹೆವಿ’ ಎಂಬ ಮಾತಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. 2002ರಲ್ಲಿ ಪದ್ಮವಿಭೂಷಣ ಬಂತು. 2009ರಲ್ಲಿ ತೀರಿಕೊಂಡರು. ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಈಗ ಅವರದೇ ಹೆಸರು. ಗಂಡಸು ದೊಡ್ಡ ಗಾಯಕನಾದರೆ ಪಂಡಿತನೋ ಉಸ್ತಾದನೋ ಆಗುತ್ತಾನೆ, ಹೆಂಗಸು ಎಷ್ಟು ದೊಡ್ಡವಳಾದರೂ ‘ಬಾಯಿ’ಯಾಗಿಯೇ ಉಳಿಯುತ್ತಾಳೆ ಎಂಬುದನ್ನು ಅವರೇ ಎತ್ತಿ ತೋರಿಸಿದ್ದರು. ಗಾಯನಕ್ಕೆ ಅಡ್ಡ ಬಂದದ್ದು ಗಂಟಲಲ್ಲ, ಮಂದಿಯ ನೋಟ.

ಮೊದಲು ಹಾಡುವವಳ ಸಾ

ಗಂಗೂಬಾಯಿಯವರ ಪಾಠವನ್ನು ಬ್ಯಾಂಡಿಗೆ ಹಚ್ಚುವುದು ಸುಲಭ. ನಮ್ಮ ಸಂಗೀತದಲ್ಲಿ ತಂಬೂರಿ ಹಾಡುವವರ ಶ್ರುತಿಗೆ ಸೇರುತ್ತದೆ. ಕಾಲೇಜ್ ಬ್ಯಾಂಡಿನಲ್ಲಿ ಇದು ತಿರುವುಮುರುವು: ಯಾವುದೋ ಗಂಡಸು ತನ್ನ ಗಂಟಲಿಗೆ ತಕ್ಕಂತೆ ಹಾಡಿದ ಹಾಡನ್ನು ಅದೇ ಶ್ರುತಿಯಲ್ಲಿ ನುಡಿಸಿ, ಹುಡುಗಿಗೆ ‘ಇದಕ್ಕ ಹಾಡು’ ಅಂತಾರ. ಕೆಳಗೆ ಹಾಡಿದರೆ ದನಿ ಸಿಗುವುದಿಲ್ಲ, ಒಂದು ಸಪ್ತಕ ಮೇಲೆ ಹಾಡಿದರೆ ಕಿರುಚಿದಂತಾಗುತ್ತದೆ. ಆಮೇಲೆ ತೀರ್ಪು: ಸಾಲೂದಿಲ್ಲ.

ಇದಕ್ಕೆ ಬದಲು ಮೊದಲು ಹಾಡುವವಳ ಸಾ ಹುಡುಕಬೇಕು. ಅದು 220 ಹರ್ಟ್ಸ್ ಆಗಿದೆ ಅಂದುಕೊಳ್ಳಿ, ಅಂದರೆ ಹಾರ್ಮೋನಿಯಂನ ಬಿಳಿ ಆರು. ಗಿಟಾರಿನ ಐದನೇ ತಂತಿ ಬಿಟ್ಟು ಮಿಡಿದರೆ 110, ಬಾಸ್ ಗಿಟಾರಿನ ಅದೇ ಹೆಸರಿನ ತಂತಿ 55. ಹೊಸ ತಂತಿ ಹಾಕುವ ಖರ್ಚೂ ಇಲ್ಲ! 55, 110, 220 ಒಂದೊಂದು ಸಪ್ತಕದ ಮೆಟ್ಟಿಲು. ಗಿಟಾರಿನ ಸಾ-ಪಾ 110 ಮತ್ತು 165, ಅವುಗಳ ವ್ಯತ್ಯಾಸ ಮತ್ತೆ 55. ಅವಳ ಪಂಚಮ 330, ಮೇಲಿನ ಸಾ 440, ಎಲ್ಲವೂ ಬಾಸಿನ ಪಟ್ಟುಗಳ ಮೇಲೇ ಕೂಡುತ್ತವೆ. ಅವಳು ಸಾ ಹಿಡಿದಾಗ ಇಡೀ ತಂಡ ಒಂದೇ ದನಿಯಾಗುತ್ತದೆ. ಅಲ್ಲಿಂದ ಸರಿದಾಗ ಅವಳ ಸ್ವರ ಬೇರೆಯಾಗಿ ಎದ್ದು ಕೇಳುತ್ತದೆ. ಇನ್ನೂ ಭಾರ ಬೇಕಾದರೆ ದಪ್ಪ ತಂತಿ ಹಾಕಿ ಗಿಟಾರನ್ನೇ 55ಕ್ಕೆ ಇಳಿಸಬಹುದು. ಅಜ್ಜಿ ಹೇಳಿದ ‘ಕಲ್ಲ ಕೂಡ ಹಾಡೂದು’ ಅಂದ್ರ ಇದೇ.

ಮಿಕ್ಸರಿನಲ್ಲಿ ಮಾಡಬೇಕಾದ್ದು ಮೂರೇ ಕೆಲಸ. ಗಿಟಾರಿನ 2000–3000 ಹರ್ಟ್ಸ್ ಭಾಗವನ್ನು ಮೂರ್ನಾಲ್ಕು ಡೆಸಿಬೆಲ್ ಇಳಿಸಿ ಮಾತಿಗೆ ಜಾಗ ಬಿಡಬೇಕು. ದನಿಯ ಮೈಕಿನಲ್ಲಿ 100 ಹರ್ಟ್ಸಿಗಿಂತ ಕೆಳಗಿನದನ್ನು ಕತ್ತರಿಸಬೇಕು. ಹಾಡುವವಳಿಗೆ ತನ್ನ ದನಿ ತನಗೆ ಕೇಳುವಂತೆ ಮಾನಿಟರ್ ಕೊಡಬೇಕು. ಮಾನಿಟರ್ ಇಲ್ಲದೆ ಹಾಡಿದವರು ಗಂಟಲು ಹರಿದುಕೊಳ್ಳುತ್ತಾರೆ. ಕಿವಿಯ ಬಗ್ಗೆಯೂ ಒಂದು ಮಾತು: 85 ಡೆಸಿಬೆಲ್ ಸದ್ದನ್ನು ಎಂಟು ತಾಸು ತಡೆಯಬಹುದು ಅಂತ ಇಟ್ಟುಕೊಂಡರೆ, ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಉಳಿಯುವುದು 15 ನಿಮಿಷ. ಹತ್ತಿ ತುರುಕಿದರೆ ಸಾಲದು, ಇಯರ್ ಪ್ಲಗ್ ಬೇಕು.

ಇನ್ನು ಸಾಹಿತ್ಯ. ಈ ವಿಷಯದಲ್ಲಿ ಕನ್ನಡ ಸಂಘದವರಾದ ನಮಗೆ ಒಂದು ಹೆಮ್ಮೆಯ ಮಾತಿದೆ. ಕನ್ನಡದ ಪದಗಳು ಹೆಚ್ಚುಕಡಿಮೆ ಎಲ್ಲ ಸ್ವರದಲ್ಲಿ ಕೊನೆಯಾಗುತ್ತವೆ. ಮಳೆ, ಬಿಸಿಲು, ಹೊಲ, ಕಲ್ಲು, ಯಾವುದನ್ನಾದರೂ ಎಳೆಯಬಹುದು. ಒಂದು ಸ್ವರವನ್ನು ಎಂಟು ಮಾತ್ರೆ ಹಿಡಿಯಬೇಕಾದ ನಿಧಾನದ ಸಂಗೀತಕ್ಕೆ ಇದಕ್ಕಿಂತ ಹೊಂದುವ ಭಾಷೆ ಯಾವುದು? ‘ಆ’, ‘ಏ’, ‘ಓ’ದಂಥ ತೆರೆದ ಸ್ವರಗಳನ್ನು ಎತ್ತರದ ಜಾಗದಲ್ಲಿ ಇಟ್ಟು ಬರೆದರೆ ಮಾತೂ ತಿಳಿಯುತ್ತದೆ, ದನಿಯೂ ಅರಳುತ್ತದೆ.

ಇಷ್ಟೆಲ್ಲ ಲೆಕ್ಕ ಮಾಡಿದ ಮೇಲೆ ನಿಜವಾದ ಅಡ್ಡಿ ಎಲ್ಲಿದೆ ಅಂತ ಹುಡುಕಿದರೆ, ಅದು ಕಂಪನಾಂಕದಲ್ಲಿ ಸಿಗುವುದಿಲ್ಲ, ಗಡಿಯಾರದಲ್ಲಿ ಸಿಗುತ್ತದೆ. ಬ್ಯಾಂಡಿನ ಪ್ರಾಕ್ಟೀಸು ಸಾಮಾನ್ಯವಾಗಿ ಸಂಜೆ ಏಳರ ಮೇಲೆ. ಆ ಹೊತ್ತಿಗೆ ಲೇಡೀಸ್ ಹಾಸ್ಟೆಲಿನ ಗೇಟು ಹಾಕಿರುತ್ತದೆ. ಯಳವತ್ತಿಯಂಥ ಊರಿಂದ ದಿನಾ ಬಸ್ಸಿಗೆ ಬಂದು ಹೋಗುವ ಹುಡುಗಿಗೆ ಸಂಜೆಯ ಬಸ್ಸು ತಪ್ಪಿದರೆ ಮನೆಯಲ್ಲಿ ಮಾತು, ಓಣಿಯಲ್ಲಿ ಹತ್ತು ಮಾತು. ಪ್ರಾಕ್ಟೀಸಿಗೇ ಬರಲಾಗದವಳು ಸ್ಟೇಜಿನ ಮೇಲೆ ತಡವರಿಸಿದರೆ, ಅದನ್ನು ದನಿಯ ದೋಷ ಅಂತ ಬರೆದುಕೊಳ್ಳುವುದು ಕೆಟ್ಟ ಮೀಟರಿನಿಂದ ರೀಡಿಂಗ್ ತಗೊಂಡಂತೆ.

ಆದ್ದರಿಂದ ಬ್ಯಾಂಡ್ ಕಟ್ಟುವ ಗೆಳೆಯರಿಗೆ ನಮ್ಮ ವಿನಂತಿ ಎರಡೇ. ಪ್ರಾಕ್ಟೀಸು ಸಂಜೆ ನಾಲ್ಕಕ್ಕೆ ಇಡ್ರಿ, ಕಡೇ ಬಸ್ಸಿಗೆ ಮುಂಚೆ ಮುಗಿಸ್ರಿ. ಗಿಟಾರು ಟ್ಯೂನ್ ಮಾಡುವ ಮುಂಚೆ ಹಾಡುವವಳನ್ನ ಅವಳ ಸಾ ಕೇಳ್ರಿ. ಗೆಳತಿಯರಿಗೂ ಒಂದು ಮಾತು. ‘ಯಾವ ಹಾಡು ಹಾಡತೀಯವಾ?’ ಅಂತ ಕೇಳಿದರೆ ಮೆಲೋಡಿಯ ಹೆಸರನ್ನೇ ಹೇಳಬೇಕು ಅಂತೇನಿಲ್ಲ. ಮೊದಲು ಶ್ರುತಿ ಹೇಳ್ರಿ. ಹಾಡು ಆಮೇಲೆ ಕಟ್ಟಿದರಾಯಿತು.